ಉಚಿತ ಪಠ್ಯಪುಸ್ತಕದ ಆಚೆ ಉಳಿಯುವ ಜೂನ್ ಖರ್ಚು

ಶಂಕರಘಟ್ಟ: ಮಲೆನಾಡಿನ ಅಂಚಿನಲ್ಲಿ ಶಾಲೆ ತೆರೆಯುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಟ್ಟಿಗೇ. ಕುವೆಂಪು ವಿಶ್ವವಿದ್ಯಾಲಯದಿಂದಾಗಿ ಹೆಸರಾದ ಭದ್ರಾವತಿ ತಾಲ್ಲೂಕಿನ ಈ ಊರಿನ ಸುತ್ತ ಬೀಜ, ಗೊಬ್ಬರಕ್ಕೆ ಹಣ ಹೊಂದಿಸುವ ತಿಂಗಳಲ್ಲೇ ಕೊಡೆ, ಬ್ಯಾಗು, ನೋಟ್‌ಬುಕ್ಕಿಗೂ ಹೊಂದಿಸಬೇಕು. ಅಡಿಕೆ ಕೊಯ್ಲಿನ ದುಡ್ಡು ಕೈಸೇರಲು ಇನ್ನೂ ತಿಂಗಳುಗಳೇ ಇರುತ್ತವೆ.

ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಉಚಿತವಲ್ಲವೇ ಎಂಬ ಪ್ರಶ್ನೆ ಸಹಜ. ವಿದ್ಯಾವಿಕಾಸ ಯೋಜನೆಯಡಿ ಪಠ್ಯಪುಸ್ತಕ, ಸಮವಸ್ತ್ರ ದೊರೆಯುತ್ತವೆ, ನಿಜ. ಆದರೆ ಸಮವಸ್ತ್ರ ಬಟ್ಟೆಯ ರೂಪದಲ್ಲಿ ಬಂದಾಗ ಹೊಲಿಗೆ ಕೂಲಿ ಪೋಷಕರ ಪಾಲಿಗೆ. ಎರಡನೇ ಜತೆ ಸಮವಸ್ತ್ರ ಹಾಗೂ ಶೂ, ಸಾಕ್ಸ್ ಒದಗಿಸುವಂತೆ ಹೈಕೋರ್ಟ್ 2019ರಲ್ಲಿಯೇ ಸೂಚಿಸಿತ್ತು. ಪಾಲನೆಯಾಗದ ಕಾರಣ 2023ರಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಮಳೆಗಾಲದ ಮಲೆನಾಡಿನಲ್ಲಿ ಒಂದೇ ಜತೆ ಬಟ್ಟೆಯೆಂದರೆ ರಾತ್ರಿ ಒಲೆಯ ಮುಂದೆ ಹರವಿ ಬೆಳಗ್ಗೆ ಅರೆಒದ್ದೆಯಾಗಿಯೇ ತೊಡುವುದೆಂದರ್ಥ. ಬೆಂಗಳೂರಿನ ಕಡತಗಳಿಗೆ ಈ ತೇವ ತಟ್ಟುವುದಿಲ್ಲ.

ನೋಟ್‌ಬುಕ್ಕಿನ ವಿಷಯದಲ್ಲಿ ತುಸು ನಿರಾಳ. 2025ರ ಸೆಪ್ಟೆಂಬರ್ 22ರಿಂದ ಅಭ್ಯಾಸ ಪುಸ್ತಕ, ಪೆನ್ಸಿಲ್, ರಬ್ಬರುಗಳ ಮೇಲಿನ ಜಿಎಸ್‌ಟಿ ಶೂನ್ಯಕ್ಕಿಳಿದಿದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ್ದರಿಂದ, ಕಾಗದದೂರಿನ ಮಕ್ಕಳೂ ಈಗ ಬೇರೆಡೆಯ ಕಾಗದದ ಮೇಲೆಯೇ ಬರೆಯುತ್ತಾರೆ. ಕಾರ್ಖಾನೆಯ ಸಂಬಳವನ್ನು ನಂಬಿದ್ದ ಮನೆಗಳಿಗೆ ಆದ ನಷ್ಟದ ಮುಂದೆ ತೆರಿಗೆಯ ಈ ಉಳಿತಾಯ ಎಷ್ಟರದು?

ದೊಡ್ಡ ತೊಡಕು ಪ್ರಯಾಣದ್ದು. ಶಿವಮೊಗ್ಗ ಇಲ್ಲಿಂದ ಸುಮಾರು 28 ಕಿ.ಮೀ.; ಭದ್ರಾವತಿ ಅದಕ್ಕಿಂತ ಹತ್ತಿರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಟಿಕೆಟಿನ ಹೊರೆ ಇಳಿಯಿತು. ಆದರೆ ಅದು ಸರ್ಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳ ಹಿಡಿತ ಬಲವಾಗಿರುವ ಈ ಜಿಲ್ಲೆಯಲ್ಲಿ ಶಾಲೆಯ ಹೊತ್ತಿಗೆ ಸರ್ಕಾರಿ ಬಸ್ಸು ಬಾರದಿದ್ದರೆ ಹುಡುಗಿಯೂ ದುಡ್ಡು ತೆರಲೇಬೇಕು. ಹುಡುಗರಿಗಂತೂ ಸೇವಾಸಿಂಧುವಿನಲ್ಲಿ ಅರ್ಜಿ, ಮೇಲೆ ಪಾಸಿನ ಶುಲ್ಕ.

ಇವೆಲ್ಲಕ್ಕೂ ಮನೆಯೊಡತಿಯ ಕೈಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಆಸರೆಯಾಗಬಲ್ಲದು. ಕಂತುಗಳು ಬಾಕಿ ಉಳಿದ ಉದಾಹರಣೆಗಳು ಇರುವುದರಿಂದ ಅದನ್ನು ನಂಬಿ ದರ್ಜಿಗೆ ಮಾತು ಕೊಡುವುದು ಕಷ್ಟ. ಏಪ್ರಿಲ್, ಮೇ ರಜೆಯಲ್ಲೇ ಬಟ್ಟೆ ಕೈಸೇರಿದರೆ ಹೊಲಿಸಲು ಸಮಯವಾದರೂ ಸಿಗುತ್ತದೆ. ಅದಕ್ಕೆ ಹೊಸ ಯೋಜನೆಯ ಅಗತ್ಯವಿಲ್ಲ, ಟೆಂಡರು ಎರಡು ತಿಂಗಳು ಮೊದಲು ಮುಗಿದರೆ ಸಾಕು.