ಹೊಣೆ ಹಂಚಿಕೊಳ್ಳದ ಧರ್ಮಕೇಂದ್ರಕ್ಕೆ ಜೀವವೆಲ್ಲಿ?

ಪೋಪ್ ಫ್ರಾನ್ಸಿಸ್ ಅವರು 2021ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಸಿನೋದ್, 2024ರ ಅಕ್ಟೋಬರ್ 26ರಂದು ತನ್ನ ಅಂತಿಮ ದಸ್ತಾವೇಜನ್ನು ಅಂಗೀಕರಿಸಿತು. ಸಿನೋದ್ ಮುಗಿದ ಮೇಲೆ ಪೋಪರು ತಮ್ಮದೇ ಆದ ಉಪದೇಶಪತ್ರವನ್ನು ಹೊರಡಿಸುವುದು ವಾಡಿಕೆ. ಆದರೆ ಫ್ರಾನ್ಸಿಸ್ ಅವರು ಅಂತಹ ಪತ್ರವನ್ನು ಬರೆಯದೆ, ಸಭೆ ಒಪ್ಪಿದ ದಸ್ತಾವೇಜನ್ನೇ ಧರ್ಮಸಭೆಯ ಕೈಗಿತ್ತರು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ಅವರು ಈ ಕಾರ್ಯವನ್ನು ಕೈಬಿಡದೆ ಮುಂದುವರಿಸಿದರು. 2027ರಲ್ಲಿ ಧರ್ಮಪ್ರಾಂತ್ಯಗಳ ಮಟ್ಟದ ಪರಾಮರ್ಶೆ, 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಮಹಾಸಮ್ಮೇಳನ ಎಂಬುದು ಗೊತ್ತುಪಡಿಸಿರುವ ಕ್ರಮ. ಆದರೆ ಈ ಸಿನೋದಿನ ಸಾರ್ಥಕತೆ ನಿರ್ಧಾರವಾಗುವುದು ರೋಮಿನಲ್ಲಿ ಅಲ್ಲ, ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿ.

1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅದರ 537ನೆಯ ವಿಧಿಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಅದಕ್ಕೆ ಮುಂಚಿನ 536ನೆಯ ವಿಧಿಯಾದರೋ, ಪಾಲನಾ ಮಂಡಳಿ ಬೇಕೋ ಬೇಡವೋ ಎಂಬುದನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದೆ. ಹಣದ ಲೆಕ್ಕಕ್ಕೆ ಸಮಿತಿ ಕಡ್ಡಾಯ. ವಿಶ್ವಾಸಜೀವನದ ಚಿಂತನೆಗೆ ಮಂಡಳಿ ಐಚ್ಛಿಕ! ಸಿನೋದಿನ ಅಂತಿಮ ದಸ್ತಾವೇಜು ಈ ಅಸಮತೋಲನವನ್ನು ಗುರುತಿಸಿ, ಇಂತಹ ಮಂಡಳಿಗಳು ಕಡ್ಡಾಯವಾಗಬೇಕೆಂದು ಒತ್ತಾಯಿಸಿದೆ. ಸ್ತ್ರೀಯರು, ಯುವಜನರು, ಬಡವರು ಅವುಗಳಲ್ಲಿ ಇನ್ನೂ ಹೆಚ್ಚಾಗಿ ಪಾಲ್ಗೊಳ್ಳಬೇಕೆಂದೂ ಅದು ಬಯಸಿದೆ.

ನಮ್ಮಲ್ಲಿ ಮಂಡಳಿಗಳಿಗೆ ಕೊರತೆಯಿಲ್ಲವೆಂದು ಓದುಗರು ಹೇಳಬಹುದು. ನಿಜ. ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾರ್ಡಿಗೊಬ್ಬ ಗುರಿಕಾರರಿರುವ ಪದ್ಧತಿ ಹಳೆಯದು. ಆದರೆ ಸಭೆಯ ಕಾರ್ಯಸೂಚಿಯನ್ನೊಮ್ಮೆ ನೋಡೋಣ. ವಾರ್ಷಿಕ ಹಬ್ಬದ ಶಾಮಿಯಾನ, ಧ್ವನಿವರ್ಧಕ, ದೇವಾಲಯದ ಬಣ್ಣ, ಸಭಾಭವನದ ಬಾಡಿಗೆ, ಸ್ಮಶಾನದ ಆವರಣಗೋಡೆ – ಇವು ಬೇಡವಾದವುಗಳೇನಲ್ಲ. ಆದರೆ ಮಕ್ಕಳೆಲ್ಲ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ನೆಲೆಸಿರುವಾಗ ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ವೃದ್ಧರ ವಿಚಾರ ಆ ಸೂಚಿಯಲ್ಲಿ ಎಲ್ಲಿದೆ? ಜಾರ್ಖಂಡ್, ಒಡಿಶಾಗಳಿಂದ ಕೂಲಿಗೆ ಬಂದು, ದೇವಾಲಯದ ಹಿಂದಿನ ಸಾಲಿನಲ್ಲಿ ನಿಂತು ಮಾತನಾಡಿಸುವವರಿಲ್ಲದೆ ಮರಳುವ ಆದಿವಾಸಿ ಕಥೋಲಿಕರ ವಿಚಾರ? ದೃಢೀಕರಣ ಸಂಸ್ಕಾರ ಪಡೆದ ಮರುವರ್ಷವೇ ಕಣ್ಮರೆಯಾಗುವ ತರುಣರ ವಿಚಾರ? ನೆರೆಮನೆಯ ಹಿಂದೂ, ಮುಸಲ್ಮಾನ ಬಂಧುಗಳ ಕಷ್ಟಸುಖ? ಹಬ್ಬದ ದಿನ ತುಂಬಿ ತುಳುಕುವ ದೇವಾಲಯವನ್ನು ಕಂಡು ಧರ್ಮಕೇಂದ್ರ ಜೀವಂತವಾಗಿದೆಯೆಂದು ನಂಬುವುದು ಆತ್ಮವಂಚನೆ.

ಜಪಾನಿನ ಧರ್ಮಸಭೆಯ ಇತಿಹಾಸ ಈ ಸಂದರ್ಭದಲ್ಲಿ ಮನನೀಯ. 1614ರಲ್ಲಿ ಅಲ್ಲಿನ ಆಳರಸರು ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. ಕೆಲವೇ ದಶಕಗಳಲ್ಲಿ ಅಲ್ಲಿ ಸೇವೆ ಸಲ್ಲಿಸಲು ಗುರುವೊಬ್ಬರೂ ಉಳಿಯಲಿಲ್ಲ. ಆದರೂ 1865ರ ಮಾರ್ಚ್ 17ರಂದು ಉರಾಕಾಮಿ ಗ್ರಾಮದ ಜನರ ಗುಂಪೊಂದು ನಾಗಸಾಕಿಯ ಔರಾ ದೇವಾಲಯಕ್ಕೆ ಬಂದು, ತಾವೂ ಅದೇ ವಿಶ್ವಾಸದವರೆಂದು ಫ್ರೆಂಚ್ ಗುರು ಪೆತಿಜಾನರಿಗೆ ಗುಟ್ಟಾಗಿ ತಿಳಿಸಿತು. ಇನ್ನೂರು ವರ್ಷಗಳಿಗೂ ಮೀರಿ ಬಲಿಪೂಜೆಯಿಲ್ಲದೆ ಆ ಜನ ಉಳಿದು ಬಂದದ್ದು ಹೊಣೆಯನ್ನು ಹಂಚಿಕೊಂಡದ್ದರಿಂದ. ಹಬ್ಬ ಉಪವಾಸಗಳ ಪಂಚಾಂಗವನ್ನು ಕಾಯುವವನೊಬ್ಬ, ಜ್ಞಾನಸ್ನಾನ ನೀಡುವವನೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸುವವನೊಬ್ಬ – ಹೀಗೆ ಅವರವರ ಪಾಲಿನ ಕೆಲಸ ತಲೆಮಾರಿನಿಂದ ತಲೆಮಾರಿಗೆ ಸಾಗಿತು. ಗುರುಗಳು ಬೇಡವೆಂಬುದು ಇದರ ಅರ್ಥವಲ್ಲ. ಸಂಸ್ಕಾರಗಳಿಗೆ ಹಸಿದಿದ್ದುದರಿಂದಲೇ ಅವರು ಜೀವದ ಹಂಗು ತೊರೆದು ಗುರುವನ್ನು ಅರಸಿ ಬಂದರು. ಗುರುಗಳೂ ದೇವಾಲಯವೂ ಇದ್ದೂ ನಮ್ಮಲ್ಲಿ ಅಂತಹ ಹೊಣೆಗಾರಿಕೆ ಬೆಳೆಯದಿರುವುದೇಕೆ ಎಂಬುದು ಪ್ರಶ್ನೆ.

ದೋಷ ಒಂದೇ ಕಡೆ ಇಲ್ಲ. ಎಲ್ಲವೂ ತಮ್ಮಿಂದಲೇ ಆಗಬೇಕೆಂಬ ಗುರುಗಳಿದ್ದಾರೆ. ಎಲ್ಲವನ್ನೂ ಫಾದರ್ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕುಳಿತ ಜನರೂ ಇದ್ದಾರೆ. ಸಂತ ಥಾಮಸ್ ಅಕ್ವಿನಾಸರ ವಿಚಾರವೊಂದು ಇಬ್ಬರಿಗೂ ಉತ್ತರವಾಗಬಲ್ಲದು. ದೇವರು ಲೋಕವನ್ನು ನಡೆಸುವಲ್ಲಿ ಸೃಷ್ಟಿಯ ನೆರವನ್ನು ಪಡೆಯುವುದು ತನ್ನ ಶಕ್ತಿ ಸಾಲದೆಂದಲ್ಲ. ತನ್ನ ಒಳ್ಳೆಯತನದ ಸಮೃದ್ಧಿಯಿಂದ ಸೃಷ್ಟಿಗೂ ಕಾರಣವಾಗುವ ಘನತೆಯನ್ನು ಕೊಡಬೇಕೆಂದು. ಸರ್ವಶಕ್ತನೇ ಹಂಚಿಕೊಂಡದ್ದನ್ನು ಹಂಚಿಕೊಳ್ಳಲಾರೆ ಎನ್ನುವ ಗುರು ತನ್ನ ಜನರ ಘನತೆಯನ್ನು ಕಸಿಯುತ್ತಾನೆ. ಕೊಟ್ಟ ಪಾಲನ್ನು ಒಲ್ಲೆನೆನ್ನುವ ವಿಶ್ವಾಸಿ ತನ್ನ ಜ್ಞಾನಸ್ನಾನದ ಘನತೆಯನ್ನೇ ನಿರಾಕರಿಸುತ್ತಾನೆ.

ಆದರೆ ಹೊಣೆ ಹಂಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಶಿಷ್ಯತ್ವವಿಲ್ಲದ ಮಂಡಳಿ ಬಹುಬೇಗ ಚುನಾವಣಾ ಕಣವಾಗುತ್ತದೆ. ಮನೆತನ, ಭಾಷೆ, ಜಾತಿಗಳ ಲೆಕ್ಕಾಚಾರ ಅಲ್ಲಿ ತಲೆಯೆತ್ತುತ್ತದೆ. ಯೇಸುಸ್ವಾಮಿ ತಮ್ಮವರನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸಿದ್ದು ಅವರನ್ನು ತಮ್ಮೊಡನೆ ಇರಿಸಿಕೊಂಡು ಕಲಿಸಿದ ಬಳಿಕ. ಆದುದರಿಂದ ಮಂಡಳಿಯ ಸದಸ್ಯರು ಮೊದಲು ಒಟ್ಟಾಗಿ ಶುಭಸಂದೇಶವನ್ನು ಓದಲಿ, ಒಬ್ಬರನ್ನೊಬ್ಬರು ಆಲಿಸಲು ಕಲಿಯಲಿ. ಪ್ರೇಷಣಕಾರ್ಯವೆಂದರೆ ನಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವ ಹವಣಿಕೆ ಎಂಬ ತಪ್ಪುಕಲ್ಪನೆ ಹೊರಗಿನವರಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಇದೆ. ಕ್ರಿಸ್ತನು ಯಾರನ್ನು ಅರಸಿ ಹೋದನೋ ಅವರ ಬಾಗಿಲಿಗೆ ಹೋಗುವುದು ಪ್ರೇಷಣಕಾರ್ಯ.

2027ರ ಪರಾಮರ್ಶೆಗಾಗಿ ಸುಂದರ ವರದಿಯನ್ನು ಬರೆದು ಕಳುಹಿಸುವುದು ಸುಲಭ. ಅದಕ್ಕಿಂತ ಬರುವ ಮಂಡಳಿ ಸಭೆಯಲ್ಲಿ ಲೆಕ್ಕಪತ್ರವನ್ನು ಓದುವ ಮುನ್ನ, ನಮ್ಮ ಧರ್ಮಕೇಂದ್ರದ ಮೇರೆಯೊಳಗೆ ಈ ತಿಂಗಳು ಯಾರ ಮನೆಗೂ ಯಾರೂ ಹೋಗದೆ ಉಳಿದವರು ಯಾರು ಎಂದು ಕೇಳಿಕೊಳ್ಳುವುದು ಲೇಸು. ಆ ಹೆಸರುಗಳನ್ನು ಬರೆದುಕೊಂಡು ಇಬ್ಬಿಬ್ಬರಂತೆ ಹೊರಟರೆ ಸಿನೋದ್ ನಮ್ಮ ಊರಿಗೂ ಬಂದಂತಾಗುತ್ತದೆ.