ದಿವಂಗತ ಜಗನ್ನಾಥ ಶೆಟ್ಟರ ನೆನಪೂ ನಮ್ಮ ಹೊಣೆಯೂ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ ಹೋಟೆಲಿನ ಶ್ರೀ ಜಗನ್ನಾಥ ಶೆಟ್ಟರು 2023ನೆಯ ಇಸವಿ ನವೆಂಬರ್ 19ರಂದು ತಮ್ಮ 91ನೆಯ ವಯಸ್ಸಿನಲ್ಲಿ ದಿವಂಗತರಾದರು. ಅವರ ವಿಷಯವಾಗಿ ನಮ್ಮವರು ಮಾತ್ರವಲ್ಲ, ಮರಾಠಿಗರೂ ಬರೆದರು, ಕಂಬನಿ ಮಿಡಿದರು. ಪರನಾಡಿನಿಂದ ಬಂದ ಒಬ್ಬ ಹೋಟೆಲಿಗನನ್ನು ಒಂದು ಪಟ್ಟಣವು ತನ್ನ ಮನೆಯವನೆಂದು ಎಣಿಸಿ ಕಳುಹಿಸಿಕೊಡುವುದು ಸಾಮಾನ್ಯವಾದ ಸಂಗತಿಯಲ್ಲ. ಅಂಥವರ ಗುಣಗಾನ ಮಾಡುವುದು ಸುಲಭ. ಅವರು ನಡೆದು ಬಂದ ಹಾದಿ ಇಂದಿನ ಬಡ ಹುಡುಗನಿಗೂ ತೆರೆದಿದೆಯೆ ಎಂದು ಕೇಳುವುದು ಕಷ್ಟ. ನಾವು ಈ ಎರಡನ್ನೂ ಮಾಡಬೇಕೆಂದಿದ್ದೇವೆ.

ಶೆಟ್ಟರು ಹುಟ್ಟಿದ್ದು 1932ರಲ್ಲಿ, ಕಾರ್ಕಳದ ಸಮೀಪದ ಬೈಲೂರಿನ ಓಣಿಮಜಲಿನಲ್ಲಿ. ಮೀಸೆ ಚಿಗುರುವ ಮೊದಲೇ ಊರು ಬಿಟ್ಟು, ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ಅತ್ಯಲ್ಪ ಸಂಬಳಕ್ಕೆ ದುಡಿಮೆಗೆ ನಿಂತರು. ಆ ಕಾಲದಲ್ಲಿ ಊರು ಬಿಡುವುದೆಂದರೆ ಏನೆಂಬುದನ್ನು ಇಂದಿನವರು ಊಹಿಸಲಾರರು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮ ಕರಾವಳಿಯ ಹುಡುಗರಿಗೆ ಎರಡೇ ದಾರಿ: ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಹೋಗುವುದು, ಇಲ್ಲವೆ ಘಟ್ಟ ಹತ್ತಿ ಬಸ್ಸು ರೈಲುಗಳನ್ನು ಬದಲಿಸುತ್ತ ಬರುವುದು. ಮಳೆಗಾಲದಲ್ಲಿ ಕಡಲೂ ಮುಚ್ಚುತ್ತಿತ್ತು. ಕೈಯಲ್ಲೊಂದು ಗಂಟು, ಸೊಂಟದಲ್ಲಿ ನಾಲ್ಕು ಕಾಸು, ಬಾಯಲ್ಲಿ ತುಳು ಮತ್ತು ಕನ್ನಡ. ಮರಾಠಿಯ ಒಂದು ಅಕ್ಷರವೂ ತಿಳಿಯದು. ಹಿಮಾಲಯ ಹತ್ತುವವನನ್ನು ಸಾಹಸಿ ಎನ್ನುತ್ತೇವೆ. ಹೀಗೆ ಹೊರಟ ಬಾಲಕನೂ ಸಾಹಸಿಯೇ. ಅವನಿಗೆ ಯಾರೂ ಹಾರ ಹಾಕಿ ಕಳುಹಿಸಲಿಲ್ಲ, ಅಷ್ಟೆ.

ಆ ಸಾಹಸದ ಹಿಂದೆ ಹಸಿವೂ ಇತ್ತೆಂಬುದನ್ನು ಮರೆಯಲಾಗದು. 1923ರ ಮಹಾಪೂರದಲ್ಲಿ ಗದ್ದೆ ಮನೆ ಕಳೆದುಕೊಂಡ ಅನೇಕ ಸಂಸಾರಗಳು ತಮ್ಮ ಮಕ್ಕಳನ್ನು ಮದರಾಸಿಗೆ, ಮುಂಬಯಿಗೆ ಕಳುಹಿಸಿದುವು. ಒಬ್ಬ ಬಂದು ನೆಲೆಯೂರಿದರೆ ತಮ್ಮನನ್ನು ಕರೆಸಿಕೊಳ್ಳುವನು, ತಮ್ಮ ನೆರೆಮನೆಯವನನ್ನು ಕರೆಸುವನು. ತಿಂಗಳ ಮೊದಲ ವಾರದಲ್ಲಿ ಊರಿಗೆ ಮನಿಯಾರ್ಡರು ಹೋಗಬೇಕು. ತಂಗಿಯ ಮದುವೆ, ತಂದೆಯ ಸಾಲ, ಮನೆಯ ಹಂಚು ಎಲ್ಲವೂ ಆ ಕಾಗದದ ಮೇಲೆ ನಿಂತಿದ್ದವು. ಆ ತಲೆಮಾರಿನವರಿಗೆ ಸಂಸಾರವೆಂದರೆ ಹೆಂಡತಿ ಮಕ್ಕಳು ಮಾತ್ರವಾಗಿರಲಿಲ್ಲ. ತನ್ನನ್ನು ನಂಬಿ ಗಾಡಿಯಿಳಿದ ಪ್ರತಿಯೊಬ್ಬ ಹುಡುಗನೂ ಸಂಸಾರದ ಲೆಕ್ಕಕ್ಕೇ ಸೇರುತ್ತಿದ್ದನು.

ಶೆಟ್ಟರು ಪುಣೆಗೆ ಬಂದದ್ದು 1949ರಲ್ಲಿ. ಇಲ್ಲಿ ಬಂಧುಗಳು ನಡೆಸುತ್ತಿದ್ದ ಎರಡು ಹೋಟೆಲುಗಳ ಹೆಸರು ‘ಕೆಫೆ ಮದ್ರಾಸ್’ ಮತ್ತು ‘ಮದ್ರಾಸ್ ಹೆಲ್ತ್ ಹೋಮ್’. ಕನ್ನಡಿಗರ ಹೋಟೆಲಿಗೆ ಮದರಾಸಿನ ಹೆಸರೇಕೆಂದು ಕೆಲವರು ನಗುವುದುಂಟು. ಆದರೆ 1956ರ ನವೆಂಬರ್ 1ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೇ ಸೇರಿತ್ತು. ಇಡ್ಲಿ ದೋಸೆ ತಿನ್ನುವವರೆಲ್ಲರನ್ನೂ ಉತ್ತರದವರು ‘ಮದ್ರಾಸಿ’ ಎಂದೇ ಕರೆಯುತ್ತಿದ್ದರು. ಮುಂದೆ ಆ ಹೋಟೆಲುಗಳೇ ಶೆಟ್ಟರ ಕೈಯಲ್ಲಿ ‘ರೂಪಾಲಿ’, ‘ವೈಶಾಲಿ’ಗಳಾದುವು. ಈ ನಾಮಕರಣದಲ್ಲಿ ಒಂದು ಅರ್ಥವುಂಟೆಂದು ನಮಗೆ ತೋರುತ್ತದೆ. ವೈಶಾಲಿ ಪ್ರಾಚೀನ ಲಿಚ್ಛವಿಗಳ ಗಣರಾಜ್ಯದ ನಗರಿ. ಮರಾಠಿ ಮನೆಗಳಲ್ಲಿ ಹೆಣ್ಣುಮಕ್ಕಳಿಗಿಡುವ ಹೆಸರೂ ಹೌದು. ಹಳೆಯ ಫಲಕವು ‘ನಾವು ಹೊರಗಿನವರು’ ಎಂದು ಹೇಳುತ್ತಿದ್ದರೆ, ಹೊಸ ಫಲಕವು ‘ನಾವು ನಿಮ್ಮವರು’ ಎಂದಿತು.

ಹೆಸರು ಬದಲಿಸಿದ ಮಾತ್ರಕ್ಕೆ ಯಾರೂ ಒಳಗಿನವರಾಗುವುದಿಲ್ಲ. ಅದಕ್ಕೆ ದುಡಿಮೆ ಬೇಕು. ದಿನವೂ ಒಂದೇ ಹದದ ಸಾಂಬಾರು ಬೇಕು. 1885ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಗಳು ತಲೆಮಾರಿನಿಂದ ತಲೆಮಾರಿಗೆ ವೈಶಾಲಿಯ ಮೇಜುಗಳಲ್ಲಿ ಕುಳಿತರು. ಅಲ್ಲಿ ಕಾಫಿ ಕುಡಿದ ಹುಡುಗರು ಮುದುಕರಾದ ಮೇಲೆ ಮೊಮ್ಮಕ್ಕಳ ಕೈಹಿಡಿದು ಬಂದರು. ದೋಸೆ ಇಡ್ಲಿಗಳ ಜೊತೆಗೆ ಸೇವು, ಬಟಾಟೆ, ಮೊಸರು, ಪೂರಿಗಳ ‘ಎಸ್‌ಪಿಡಿಪಿ’ ಎಂಬ ತಿನಿಸು ಆ ಹೋಟೆಲಿನ ಹೆಸರಿಗೇ ಅಂಟಿಕೊಂಡಿತು. ತಮ್ಮ ಊರಿನ ರುಚಿಯನ್ನು ಬಿಡದೆ ಈ ಊರಿನ ನಾಲಗೆಯನ್ನೂ ಗೌರವಿಸಿದ್ದರಿಂದ ಇದು ಸಾಧ್ಯವಾಯಿತು. ಮುಪ್ಪಿನಲ್ಲಿಯೂ ಶೆಟ್ಟರು ಹೋಟೆಲಿಗೆ ಬರುವುದನ್ನು, ಗಿರಾಕಿಗಳೊಡನೆ ಮಾತನಾಡುವುದನ್ನು ಬಿಡಲಿಲ್ಲ.

ತಮ್ಮ ಸಣ್ಣ ಸಮಾಜವನ್ನೂ ಅವರು ಮರೆಯಲಿಲ್ಲ. ಬಾಣೇರಿನಲ್ಲಿರುವ ಪುಣೆ ಬಂಟರ ಸಂಘದ ಭವನವು ‘ಓಣಿಮಜಲು ಜಗನ್ನಾಥ ಶೆಟ್ಟಿ ಸಾಂಸ್ಕೃತಿಕ ಕೇಂದ್ರ’ ಎಂಬ ಹೆಸರನ್ನು ಹೊತ್ತಿದೆ. ಬೈಲೂರಿನ ಒಂದು ಮನೆಯ ಹೆಸರು ಪೇಶವೆಯರ ಪಟ್ಟಣದಲ್ಲಿ ಕಲ್ಲಿನ ಮೇಲೆ ನಿಂತಿತು. ಯಕ್ಷಗಾನದ ಚೆಂಡೆ ಪುಣೆಯಲ್ಲಿ ಕೇಳಿಸುವುದಿದ್ದರೆ, ಕನ್ನಡದ ಮಕ್ಕಳಿಗೆ ಇಲ್ಲಿ ಕನ್ನಡದ ಒಂದು ಶಾಲೆ ಇರುವುದಿದ್ದರೆ, ಅದಕ್ಕೆಲ್ಲ ಹೋಟೆಲಿನ ಗಲ್ಲೆಯಿಂದ ಹೋದ ಕಾಸೂ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಯಾರಿಗೂ ನೋವಾಗದು. ಆದರೆ ನಮ್ಮ ಮನಸ್ಸಿಗೆ ಸಮಾಧಾನವಾಗದು. ಸಂಪಾದಕರಾಗುವ ಮೊದಲು ನಾವೂ ಈ ನಗರದಲ್ಲಿ ಹೋಟೆಲು ನಡೆಸಿದವರೇ. ಒಂದು ವರ್ಷ ಬೇಸಗೆ ಕಾಲಿಡುವ ಹೊತ್ತಿಗೆ ನಮ್ಮಲ್ಲಿ ಬಟ್ಟಲು ತೊಳೆಯುತ್ತಿದ್ದ ಯುವಕನೊಬ್ಬನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕೆಂದು ಹದಿನೈದು ದಿನದ ರಜೆ ಕೇಳಿದನು. ವ್ಯಾಪಾರದ ಹಂಗಾಮು, ಆಳುಗಳ ಅಭಾವ, ನಾವು ಇಲ್ಲವೆಂದೆವು. ಅವನು ಎದುರು ಮಾತನಾಡಲಿಲ್ಲ. ಆ ಸಂಜೆ ಎಂದಿನಂತೆ ಕೆಲಸ ಮಾಡಿದನು, ಪರೀಕ್ಷೆಗೆ ಹೋಗಲಿಲ್ಲ. ಮುಂದಿನ ವರ್ಷ ಅವನು ಕೇಳಲೂ ಇಲ್ಲ. ನಾವು ಓದಿದ್ದು ಎಸ್ಸೆಸ್ಸೆಲ್ಸಿಯ ತನಕ ಮಾತ್ರ. ಆ ಒಂದು ಕಾಗದದ ಬೆಲೆ ಎಷ್ಟೆಂದು ಬಲ್ಲ ನಾವೇ ಅದನ್ನು ಇನ್ನೊಬ್ಬನಿಗೆ ತಪ್ಪಿಸಿದೆವು. ಶೆಟ್ಟರ ಮರಣವಾರ್ತೆಯನ್ನು ಓದಿದ ದಿನ ನಮಗೆ ಮೊದಲು ನೆನಪಾದದ್ದು ಆ ಯುವಕನ ಮುಖ.

ಇಂದು ಪುಣೆಯ ಹೋಟೆಲುಗಳ ಅಡಿಗೆಮನೆಯನ್ನು ಹೊಕ್ಕು ನೋಡಿರಿ. ಕಾರ್ಕಳ, ಕುಂದಾಪುರದ ಹುಡುಗರು ವಿರಳ. ಅವರು ಓದಿ ಬೇರೆ ಉದ್ಯೋಗ ಹಿಡಿದರು. ಅದು ಸಂತೋಷದ ವಿಷಯವೇ. ಅವರ ಜಾಗದಲ್ಲಿ ಬಿಹಾರ, ಒಡಿಶಾ, ಬಂಗಾಳ, ನೇಪಾಳಗಳ ಹುಡುಗರು ನಿಂತಿದ್ದಾರೆ. ಇವರಿಗೂ ಊರಿನಲ್ಲಿ ನೆರೆಯುಂಟು, ಸಾಲವುಂಟು, ಮದುವೆಗೆ ಬಂದ ತಂಗಿಯರುಂಟು. ಮನಿಯಾರ್ಡರು ಹೋಗಿ ಮೊಬೈಲಿನಲ್ಲಿ ಹಣ ಕಳುಹಿಸುವ ಕಾಲ ಬಂದಿದೆ. ಕಳುಹಿಸುವವನ ಚಿಂತೆ ಬದಲಾಗಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬೀಗ ಹಾಕಿಕೊಂಡಾಗ, ಆಳುಗಳನ್ನು ಮನೆಯವರಂತೆ ಇಟ್ಟುಕೊಂಡು ಉಣಿಸಿದ ಯಜಮಾನರೂ ಇದ್ದರು, ಬಾಗಿಲು ತೋರಿಸಿದವರೂ ಇದ್ದರು. ಯಾರು ಯಾವ ಸಾಲಿನವರೆಂಬುದು ಅವರವರ ಆತ್ಮಸಾಕ್ಷಿಗೆ ಗೊತ್ತು.

ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಹದಿಮೂರು ವರ್ಷದ ಬಾಲಕನು ಹೋಟೆಲಿನಲ್ಲಿ ದುಡಿಯುವುದು ಅಂದು ಮಾಮೂಲು ಸಂಗತಿ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನವರನ್ನು ಹೋಟೆಲು ಕೆಲಸಕ್ಕಿಡುವುದು ಕಾನೂನಿನಂತೆ ಅಪರಾಧ. ಅದು ನ್ಯಾಯವಾದುದೇ. ಬಾಲ್ಯವನ್ನು ತೆತ್ತು ಮೇಲೆ ಬಂದ ಒಬ್ಬರನ್ನು ಕೊಂಡಾಡುವಾಗ, ಬಾಲ್ಯವನ್ನು ತೆತ್ತೂ ಬಟ್ಟಲು ತೊಳೆಯುತ್ತಲೇ ಮುದುಕರಾದ ನೂರಾರು ಮಂದಿಯನ್ನು ಮರೆಯಬಾರದು. ಆದರೆ ಅಂದಿನ ಹುಡುಗನಿಗೆ ಒಂದು ಆಸೆಯಿತ್ತು: ಇಂದು ಬಟ್ಟಲು, ನಾಳೆ ಮೇಜು, ನಾಡಿದ್ದು ಗಲ್ಲೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಎಷ್ಟೋ ಮಾಣಿಗಳು ಗುಮಾಸ್ತರಾದರು, ವಕೀಲರಾದರು. ಆ ಏಣಿಯ ಮೆಟ್ಟಿಲುಗಳನ್ನು ಹತ್ತಿ ಬಂದ ನಾವು ಮೇಲಿನಿಂದ ಏಣಿಯನ್ನೇ ಎಳೆದುಕೊಂಡರೆ, ಶೆಟ್ಟರ ಚಿತ್ರಪಟಕ್ಕೆ ಹಾಕಿದ ಹಾರಕ್ಕೆ ಅರ್ಥವೇನು?

ಆದುದರಿಂದ ಯಜಮಾನ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು: ಓದುವ ಹುಡುಗನಿಗೆ ಪರೀಕ್ಷೆಯ ರಜೆಯನ್ನು ಸಂಬಳಸಹಿತ ಕೊಡಿರಿ, ಮಲಗುವ ಕೋಣೆಗೆ ಗಾಳಿ ಬೆಳಕು ಕೊಡಿರಿ, ಗಿರಾಕಿಗೆ ಬಡಿಸುವ ಅನ್ನವನ್ನೇ ಆಳಿಗೂ ಬಡಿಸಿರಿ. ಗುಮಾಸ್ತರಾಗಿರುವ ನಮ್ಮ ವಾಚಕರಲ್ಲಿ ಇನ್ನೊಂದು ಮಾತು: ವಾರದಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು, ನಿಮ್ಮ ಬೀದಿಯ ಹೋಟೆಲಿನ ಒಬ್ಬ ಹುಡುಗನಿಗೆ ಅರ್ಜಿ ತುಂಬುವುದನ್ನು, ಬ್ಯಾಂಕಿನ ಲೆಕ್ಕ ಓದುವುದನ್ನು ಕಲಿಸಿರಿ. ಅವನ ಭಾಷೆ ಯಾವುದೆಂದು ಕೇಳಬೇಡಿರಿ. ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರಿಗೆ ಮರಾಠಿ ಅಕ್ಷರ ಕಲಿಸಿದ ಪುಣ್ಯಾತ್ಮರೂ ಹಾಗೆ ಕೇಳಿರಲಿಲ್ಲ. ಹೋಟೆಲಿನಲ್ಲಿ ದುಡಿಯುತ್ತಿರುವ ತರುಣ ಮಿತ್ರರಿಗೆ ಹೇಳುವುದಿಷ್ಟೆ: ರಜೆ ಕೇಳಿರಿ. ಒಮ್ಮೆ ಇಲ್ಲವೆಂದರೆ ಮರುವರ್ಷ ಮತ್ತೆ ಕೇಳಿರಿ.

ನಮ್ಮಲ್ಲಿ ರಜೆ ಕೇಳಿದ ಆ ಯುವಕ ಈಗ ಎಲ್ಲಿರುವನೋ ತಿಳಿಯದು. ಈ ಪತ್ರಿಕೆ ಅವನ ಕೈಸೇರಿದರೆ, ತಪ್ಪು ನಮ್ಮದೆಂದು ನಾವು ಒಪ್ಪಿಕೊಂಡದ್ದನ್ನು ಅವನು ಓದಿಕೊಳ್ಳಲಿ.