ಲ್ಯಾಬ್ರಡಾರ್ ಒಂದೇ ಸಾಕೆ?

ಕಳೆದ ಚಳಿಗಾಲದ ಕೂಟದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಅಮೆರಿಕದ ಮೇರಿಲ್ಯಾಂಡಿನಲ್ಲಿ ನೆಲೆಸಿರುವ ತಮ್ಮ ಅಳಿಯನ ಸಂಗತಿಯೊಂದನ್ನು ಹೇಳಿದರು. ಆತ ಅಲ್ಲಿನ ಗೆಳೆಯರೊಡನೆ ಚೆಸಪೀಕ್ ಕೊಲ್ಲಿಯಲ್ಲಿ ಬಾತುಬೇಟೆಗೆ ಹೋಗುವುದನ್ನು ರೂಢಿಸಿಕೊಂಡಿದ್ದಾನೆ. ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರಲು ನಾಯಿಯೊಂದು ಬೇಕೆನಿಸಿದಾಗ, ಆ ಕೊಲ್ಲಿಯ ಹೆಸರನ್ನೇ ಹೊತ್ತ ಚೆಸಪೀಕ್ ಬೇ ರಿಟ್ರೀವರ್ ತಳಿಯ ಮರಿಯನ್ನು ಆರಿಸಿದ್ದಾನೆ. ಅವನಿಗೆ ಸಿಕ್ಕ ಬುದ್ಧಿವಾದವೆಲ್ಲ ಒಂದೇ ಬಗೆಯದು: ಲ್ಯಾಬ್ರಡಾರ್ ಇರುವಾಗ ಈ ಉಸಾಬರಿ ಯಾಕೆ? ಈ ಮಾತು ಕೇಳಿ ನಮ್ಮ ಕೂಟದಲ್ಲೂ ಹಲವರು ನಕ್ಕರು. ಆ ನಗುವನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಹೇಳುತ್ತೇವೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ನಾವು ಬೇಟೆಯ ವಕೀಲರಲ್ಲ. 1938ರ ನವೆಂಬರಿನಲ್ಲಿ ಭರತಪುರದ ಜೌಗಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋನ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿದ್ದನ್ನು, ದೆಹಲಿಯ ನಮ್ಮ ಗೆಳೆಯರು ಅಲ್ಲಿಗೆ ಪ್ರವಾಸ ಹೋದಾಗಲೆಲ್ಲ ಕಲ್ಲಿನಲ್ಲಿ ಕೆತ್ತಿದ ಲೆಕ್ಕವಾಗಿ ಓದಿ ತಲೆ ತಗ್ಗಿಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಗಳು ನಮ್ಮಲ್ಲಿ ಆ ಆಟಕ್ಕೆ ತೆರೆ ಎಳೆದದ್ದು ಸರಿಯೇ ಆಯಿತು. ಅಮೆರಿಕದ ಕಟ್ಟಳೆ ಬೇರೆ. ಅಲ್ಲಿ ಋತುವಿಗೆ ಗಡಿಯಿದೆ, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿಯಿದೆ. ಬೇಟೆಗಾರರು ಕೊಳ್ಳಲೇಬೇಕಾದ ಬಾತು ಸ್ಟ್ಯಾಂಪಿನ ಹಣದಿಂದ 1934ರಿಂದೀಚೆಗೆ ಜೌಗುನೆಲಗಳನ್ನು ಕೊಂಡು ಕಾಪಾಡಲಾಗುತ್ತಿದೆ. ಆ ವ್ಯವಸ್ಥೆಯ ಸರಿತಪ್ಪುಗಳ ಚರ್ಚೆ ಇಂದಿನದಲ್ಲ. ಬೇಟೆ ನಡೆಯುತ್ತಿರುವ ನೆಲದಲ್ಲಿ ಯಾವ ನಾಯಿ ಇರಬೇಕು ಎಂಬುದಷ್ಟೇ ಇಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ಹವ್ಯಾಸದ ಹರಟೆಯೆಂದು ತಳ್ಳಿಹಾಕುವಂತಿಲ್ಲ. ರೆಕ್ಕೆಗೆ ಗುಂಡು ತಗುಲಿದ ಬಾತು ಜೊಂಡಿನೊಳಗೆ ನುಸುಳಿ ಅಡಗಿದರೆ ಮನುಷ್ಯನ ಕಣ್ಣಿಗೆ ಅದು ಸಿಗುವುದು ದುರ್ಲಭ. ಸಿಗದೆ ಹೋದ ಹಕ್ಕಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಹೊಡೆದ ಹಕ್ಕಿಯನ್ನು ಹುಡುಕಿ ವಶಕ್ಕೆ ಪಡೆಯಲು ತಕ್ಕ ಪ್ರಯತ್ನ ಮಾಡಲೇಬೇಕೆಂದು ಅಲ್ಲಿನ ಕಾನೂನೇ ವಿಧಿಸುತ್ತದೆ. ಕೊಲ್ಲುವವನು ಕೊಂದದ್ದಕ್ಕೆ ತೋರಿಸಬೇಕಾದ ಕನಿಷ್ಠ ಹೊಣೆ ಅದು. ಆ ಹೊಣೆಯನ್ನು ನೀರಿಗಿಳಿದು ನಿಭಾಯಿಸುವುದು ನಾಯಿ. ಆದುದರಿಂದ ನಾಯಿಯ ಆಯ್ಕೆ ಮೂಲತಃ ನೀತಿಯ ವಿಷಯವೇ ಆಗಿದೆ.

ಲ್ಯಾಬ್ರಡಾರಿಗೆ ಸಲ್ಲಬೇಕಾದ ಗೌರವವನ್ನು ನಾವು ಕಸಿಯುವುದಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಯಿಂದ ಹುಟ್ಟಿ, ಬ್ರಿಟನ್ನಿನ ಶ್ರೀಮಂತರ ಕೈಯಲ್ಲಿ ರೂಪುಗೊಂಡು, 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ಬಿನ ಮನ್ನಣೆ ಪಡೆದ ಈ ತಳಿ 1991ರಿಂದ 2021ರವರೆಗೆ ಅಮೆರಿಕದ ನೋಂದಣಿಯಲ್ಲಿ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಬೇಗ ಕಲಿಯುತ್ತದೆ, ಪರರೊಡನೆ ಹೊಂದಿಕೊಳ್ಳುತ್ತದೆ, ಹೊಸಬನ ತಪ್ಪುಗಳನ್ನು ಸಹಿಸುತ್ತದೆ. ಒಳ್ಳೆಯ ಮರಿ ಸಿಗುವುದೂ ಸುಲಭ, ಪಳಗಿಸುವವರು ಸಿಗುವುದೂ ಸುಲಭ. ಇವೆಲ್ಲ ನಿಜ. ಆದರೆ 'ಹೆಚ್ಚಿನವರಿಗೆ ಇದು ಒಳ್ಳೆಯದು' ಎಂಬ ಮಾತು ಯಾವ ತರ್ಕದಿಂದ 'ಉಳಿದವು ಯಾರಿಗೂ ಬೇಡ' ಎಂಬಲ್ಲಿಗೆ ಬಂದು ನಿಲ್ಲುತ್ತದೆ? ಅಲ್ಲಿ ತರ್ಕವಿಲ್ಲ, ಇರುವುದು ಸೋಮಾರಿತನ.

ಚೆಸಪೀಕ್ ನಾಯಿಯನ್ನೇ ನೋಡಿ. 1807ರಲ್ಲಿ ಮೇರಿಲ್ಯಾಂಡಿನ ಕರಾವಳಿಯ ಬಳಿ ಮುಳುಗುತ್ತಿದ್ದ ಇಂಗ್ಲಿಷ್ ಹಡಗೊಂದರಿಂದ ಪಾರುಮಾಡಿದ ಎರಡು ಮರಿಗಳಿಂದ, ಅಂದರೆ ಸೇಲರ್ ಎಂಬ ಗಂಡು ಮತ್ತು ಕ್ಯಾಂಟನ್ ಎಂಬ ಹೆಣ್ಣಿನಿಂದ, ಈ ತಳಿಯ ಕತೆ ಆರಂಭವಾಗುತ್ತದೆ. ಮುಂದೆ ಅದನ್ನು ತಿದ್ದಿದ್ದು ಆ ಕೊಲ್ಲಿಯ ನೀರು. ಮಂಜುಗಡ್ಡೆ ತೇಲುವ, ಅಲೆಯೇಳುವ ನೀರಿಗೆ ಮತ್ತೆ ಮತ್ತೆ ಧುಮುಕಬೇಕಾಗಿದ್ದ ಈ ನಾಯಿಗೆ ಒರಟಾದ, ಅಲೆಯಲೆಯಾದ ಹೊರಗೂದಲು, ಅದರಡಿ ಉಣ್ಣೆಯಂತಹ ದಟ್ಟ ಒಳಗೂದಲು, ಎರಡಕ್ಕೂ ಎಣ್ಣೆಯ ಪಸೆ. ನೀರು ಚರ್ಮಕ್ಕೆ ಇಳಿಯುವುದೇ ಕಷ್ಟ, ದಡಕ್ಕೆ ಬಂದು ಒಮ್ಮೆ ಮೈ ಕೊಡವಿದರೆ ಮುಗಿಯಿತು. ಒಣಗಿದ ಹುಲ್ಲಿನ ಬಣ್ಣ, ಕಂದು ಬಣ್ಣ ಜೌಗಿನೊಳಗೆ ಕರಗಿಹೋಗುತ್ತವೆ. 1964ರಲ್ಲಿ ಮೇರಿಲ್ಯಾಂಡ್ ಇದನ್ನು ತನ್ನ ರಾಜ್ಯದ ನಾಯಿಯೆಂದು ಘೋಷಿಸಿತು. ಹೀಗಿರುವಾಗ ಅದೇ ಕೊಲ್ಲಿಯಲ್ಲಿ ಬೇಟೆಯಾಡುವವನು ಅದೇ ಕೊಲ್ಲಿ ರೂಪಿಸಿದ ನಾಯಿಯನ್ನು ಆರಿಸಿದರೆ ಅದು ಶೋಕಿ ಹೇಗಾದೀತು?

ಇಂತಹ ಉತ್ತರಗಳು ಬೇರೆ ನೀರುಗಳಲ್ಲೂ ಹುಟ್ಟಿವೆ. ಕೆನಡಾದ ನೋವಾ ಸ್ಕೋಷಿಯಾದ ಯಾರ್ಮತ್ ಸೀಮೆಯಲ್ಲಿ ಬೆಳೆದ ಟೋಲಿಂಗ್ ರಿಟ್ರೀವರ್ ಬಾತುಗಳನ್ನು ಆಟವಾಡಿಯೇ ಹತ್ತಿರ ಸೆಳೆಯುತ್ತದೆ. ಬೇಟೆಗಾರ ಮರೆಯಲ್ಲಿ ಕುಳಿತು ಕೋಲೊಂದನ್ನು ದಡದುದ್ದಕ್ಕೂ ಎಸೆಯುತ್ತಾನೆ. ನರಿಯ ಬಣ್ಣದ ಆ ಪುಟ್ಟ ನಾಯಿ ಅದರ ಹಿಂದೆ ಓಡಿ, ಕಾಣಿಸಿಕೊಂಡು, ಮರೆಯಾಗಿ, ಮತ್ತೆ ಕಾಣಿಸಿಕೊಳ್ಳುತ್ತದೆ. ದೂರದ ಬಾತುಗಳು ಕುತೂಹಲ ತಡೆಯಲಾರದೆ ದಡದತ್ತ ಈಜಿ ಬರುತ್ತವೆ. ರಿಟ್ರೀವರ್‌ಗಳಲ್ಲಿ ಅತಿ ಹಳೆಯವುಗಳಲ್ಲೊಂದಾದ ಗುಂಗುರುಗೂದಲಿನ ಕರ್ಲಿ ಕೋಟೆಡ್ ತಳಿಯನ್ನು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಬಾತುಬೇಟೆಗಾರರು ಮೆಚ್ಚಿ ಉಳಿಸಿಕೊಂಡರು. ಬಿಗಿಯಾದ ಆ ಗುಂಗುರು ನೀರನ್ನೂ ಮುಳ್ಳುಕಂಟಿಯನ್ನೂ ಒಟ್ಟಿಗೆ ತಡೆಯುತ್ತದೆ. ಒಂದೊಂದು ತಳಿಯೂ ಒಂದೊಂದು ಊರಿನ ಜನ ತಮ್ಮ ನೀರಿಗೆ ಕಂಡುಕೊಂಡ ಪರಿಹಾರ.

ಈ ತಿಳಿವು ಪುಸ್ತಕದಲ್ಲಿ ಉಳಿಯುವಂಥದ್ದಲ್ಲ. ಕೆಲಸ ಮಾಡುವ ನಾಯಿಗಳನ್ನೇ ಕೂಡಿಸಿ, ಹುಟ್ಟಿದ ಮರಿಗಳನ್ನು ಕೆಲಸ ಕೊಡುವವರ ಕೈಗೆ ಒಪ್ಪಿಸಿದರೆ ಮಾತ್ರ ಅದು ಮುಂದಿನ ಪೀಳಿಗೆಗೆ ದಾಟುತ್ತದೆ. ಗೋಲ್ಡನ್ ರಿಟ್ರೀವರಿನ ತಾಯಿಬೇರಾದ ಟ್ವೀಡ್ ವಾಟರ್ ಸ್ಪಾನಿಯಲ್ ಇಂದು ಇಲ್ಲ. ಲ್ಯಾಬ್ರಡಾರಿನ ಮೂಲವಾದ ಸೇಂಟ್ ಜಾನ್ಸ್ ನೀರುನಾಯಿಯೂ ಇಪ್ಪತ್ತನೆಯ ಶತಮಾನದಲ್ಲೇ ಅಳಿಯಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಬೇಟೆಯ ಮೈದಾನಗಳಲ್ಲಿ ಮೆರೆದ ಫ್ಲ್ಯಾಟ್ ಕೋಟೆಡ್ ರಿಟ್ರೀವರ್ ಆಮೇಲೆ ಲ್ಯಾಬ್ರಡಾರ್, ಗೋಲ್ಡನ್‌ಗಳ ನೆರಳಿಗೆ ಸರಿದು ಮೂಲೆಗೊತ್ತಿತು. ಇವುಗಳನ್ನು ಯಾರೂ ದ್ವೇಷದಿಂದ ನಾಶಮಾಡಲಿಲ್ಲ. 'ಅದೊಂದು ಇದೆಯಲ್ಲ, ಇದು ಯಾಕೆ?' ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು, ಅಷ್ಟೇ.

ಹಾಗೆಂದು ಅಪರೂಪವೇ ಒಂದು ಗುಣವೆಂದು ತಿಳಿದವರ ಪರವಾಗಿಯೂ ನಾವಿಲ್ಲ. ನೆರೆಯವನಲ್ಲಿ ಇಲ್ಲದ್ದು ತನ್ನಲ್ಲಿರಲಿ ಎಂಬ ಆಸೆಯಿಂದ ಕೊಂಡ ನಾಯಿ, ಆಸೆ ತೀರಿದ ಮೇಲೆ ಅನಾಥವಾಗುತ್ತದೆ. ಸಣ್ಣ ತಳಿಗಳಿಗೆ ಸಣ್ಣ ತಳಿಗಳ ಸಂಕಟಗಳೂ ಇವೆ. ಟೋಲರ್‌ಗಳ ಇಂದಿನ ಸಂತತಿ ಕೆಲವೇ ಪೂರ್ವಜರಿಂದ ಬಂದದ್ದರಿಂದ ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಕಾಡುವ ಬೇನೆಗಳು ಅವುಗಳಲ್ಲಿ ಕಾಣಿಸುತ್ತವೆ. ಫ್ಲ್ಯಾಟ್ ಕೋಟೆಡ್‌ಗಳನ್ನು ಕ್ಯಾನ್ಸರ್ ಕಾಡುತ್ತದೆ. ಚೆಸಪೀಕ್ ಗದರಿಕೆಗೆ ಬಗ್ಗುವುದಿಲ್ಲ, ಅನ್ಯಾಯವನ್ನು ಮರೆಯುವುದಿಲ್ಲ, ತನ್ನದೆಂದುಕೊಂಡದ್ದನ್ನು ಕಾಯದೆ ಬಿಡುವುದಿಲ್ಲ. ಅದಕ್ಕೆ ತಾಳ್ಮೆಯ ಯಜಮಾನ ಬೇಕು. ಆದುದರಿಂದ ಆರಿಸುವವನು ಕೇಳಬೇಕಾದ ಪ್ರಶ್ನೆಗಳಿವೆ. ತಂದೆತಾಯಿ ನಾಯಿಗಳ ಸೊಂಟದ ಕೀಲು, ಕಣ್ಣು ಪರೀಕ್ಷೆಯಾಗಿವೆಯೇ? ಅವು ನೀರಿನಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ಕಂಡದ್ದುಂಟೆ? ಮರಿಗಾಗಿ ಒಂದೆರಡು ವರ್ಷ ಕಾಯುವ ಸಹನೆ ಇದೆಯೇ? ಬೇಟೆಯಿಲ್ಲದ ತಿಂಗಳುಗಳಲ್ಲಿ ಅದಕ್ಕೆ ಯಾವ ಕೆಲಸ ಕೊಡುವೆ? ವರ್ಷಕ್ಕೆ ನಾಲ್ಕು ದಿನ ಬೆಚ್ಚನೆಯ ಕೆರೆಯ ದಡದಲ್ಲಿ ಕುಳಿತು ಬರುವವನಿಗೆ ಲ್ಯಾಬ್ರಡಾರೇ ಸಾಕು, ಅವನು ಅದನ್ನೇ ಕೊಳ್ಳಲಿ. ಇನ್ನು ಅಂಧೇರಿಯ ಏಳನೆಯ ಮಹಡಿಗೋ ಕೊತ್ರೂಡಿನ ಎರಡು ಕೋಣೆಯ ಮನೆಗೋ ಚೆಸಪೀಕ್ ತರಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ, ದಯವಿಟ್ಟು ಅದನ್ನು ಅಲ್ಲಿಗೇ ಬಿಡಲಿ. ಆ ನಾಯಿಯ ಮೇಲೆ ಅದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ.

ನಕ್ಕವರಿಗೆ ನಮ್ಮದೇ ನೆಲದ ಒಂದು ನಾಯಿಯನ್ನು ನೆನಪಿಸಬೇಕು. ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಎತ್ತಿ ತರುವ ನಾಯಿಯಲ್ಲ, ಕಣ್ಣಿಟ್ಟು ಬೆನ್ನಟ್ಟುವ ನಾಯಿ. ಬಯಲುಸೀಮೆಯ ಬಿಸಿಲಿಗೂ ದೂರಕ್ಕೂ ಒಗ್ಗಿದ ಮೈಕಟ್ಟು ಅದರದು. ಅದನ್ನು ಹಳ್ಳಿಯ ಬಡಕಲು ನಾಯಿಯೆಂದು ಮೂಗು ಮುರಿದವರೇ, 2005ರಲ್ಲಿ ಅದರ ಚಿತ್ರ ಅಂಚೆಚೀಟಿಯಲ್ಲಿ ಬಂದ ಮೇಲೆ, ಸೈನ್ಯವೂ ಅದರ ಮರಿಗಳನ್ನು ತರಬೇತಿಗೆ ಕರೆದೊಯ್ದ ಮೇಲೆ ಹೆಮ್ಮೆಪಟ್ಟರು. ಆದರೆ ಆ ನಡುವಿನ ಕಾಲದಲ್ಲಿ ಅದನ್ನು ಉಳಿಸಿದ್ದು ಅಂಚೆಚೀಟಿಯಲ್ಲ. ಯಾರ ಹೊಗಳಿಕೆಗೂ ಕಾಯದೆ ಅದಕ್ಕೆ ರೊಟ್ಟಿ ಹಾಕಿ, ಹೊಲದ ಕಾವಲಿಗೆ ಇಟ್ಟುಕೊಂಡ ಮನೆಗಳು.

ಈ ಸಂಗತಿ ನಮ್ಮನ್ನು ತಟ್ಟಲು ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸಹೊರಟ ನಮಗೆ ನೆಂಟರು, ನೆರೆಯವರು, ಕೆಲವೊಮ್ಮೆ ಮಕ್ಕಳೇ ಕೇಳಿದ ಪ್ರಶ್ನೆಯೂ ಇದೇ: ಎಲ್ಲರಿಗೂ ಆಗುವ ಭಾಷೆ ಇರುವಾಗ ಈ ಉಸಾಬರಿ ಯಾಕೆ? ಭಾಷೆಯೂ ನಾಯಿಯೂ ಒಂದೇ ಎಂದು ಹೇಳುವಷ್ಟು ಅವಿವೇಕ ನಮಗಿಲ್ಲ. ಆದರೆ ಆ ಪ್ರಶ್ನೆಯ ದನಿ ಒಂದೇ. ಅದನ್ನು ಇಷ್ಟು ವರ್ಷ ಕೇಳಿ ನೊಂದವರು ಇನ್ನೊಬ್ಬನಿಗೆ ಅದೇ ದನಿಯಲ್ಲಿ ಬುದ್ಧಿ ಹೇಳುವುದು ನಮಗೆ ಒಪ್ಪುವುದಿಲ್ಲ.

ಹಿರಿಯರ ಅಳಿಯನಿಗೆ ಮರಿ ಇನ್ನೂ ಸಿಕ್ಕಿಲ್ಲ, ಸರದಿಯಲ್ಲಿದ್ದಾನಂತೆ. ಮುಂದಿನ ಕೂಟದಲ್ಲಿ ಅವನ ಸುದ್ದಿ ಬಂದಾಗ, ಲ್ಯಾಬ್ರಡಾರ್ ಯಾಕಾಗಲಿಲ್ಲವೆಂದು ಯಾರೂ ಕೇಳುವುದು ಬೇಡ. ಮರಿಯ ತಾಯಿ ಯಾವ ನೀರಿನಲ್ಲಿ ಈಜಿದವಳು ಎಂದು ಕೇಳೋಣ.